ಮಂತ್ರಕ್ಕಿಂತ ಮಣ್ಣಿನ ಕೆಲಸ ಜಾಸ್ತಿ: ಮ್ಯಾಡೆಲಿನ್ ಮಿಲ್ಲರ್ ಅವರ ‘ಸರ್ಸಿ’

ಗ್ರೀಕ್ ಪುರಾಣವನ್ನು ಇಂದಿನ ಓದುಗರಿಗೆ ಹೊಸದಾಗಿ ಹೇಳುವ ಕಾದಂಬರಿಗಳು ಈಗ ತುಂಬಾ ಇವೆ. ದೊಡ್ಡ ಪುಸ್ತಕದಂಗಡಿಗೆ ಹೋದರೆ ಒಂದು ಸಾಲು ಪೂರ್ತಿ ಅವೇ ಕಾಣುತ್ತವೆ. ಅದರಲ್ಲಿ ಒಂದೇ ಒಂದು ಕೊಳ್ಳುವುದಾದರೆ ಯಾವುದು ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಮ್ಯಾಡೆಲಿನ್ ಮಿಲ್ಲರ್ ಅವರ ‘ಸರ್ಸಿ’ಯನ್ನೇ. 2018ರಲ್ಲಿ ಬಂದ ಪುಸ್ತಕ. ಮರುವರ್ಷ, ಹೆಂಗಸರು ಬರೆದ ಕಾದಂಬರಿಗೆ ಕೊಡುವ ಇಂಗ್ಲೆಂಡಿನ ವಿಮೆನ್ಸ್ ಪ್ರೈಜ್‌ನ ಅಂತಿಮ ಪಟ್ಟಿಯಲ್ಲೂ ಇತ್ತು. ಇದರಲ್ಲಿ ನನಗೆ ಹಿಡಿಸದ ಸಂಗತಿಗಳೂ ಇವೆ, ಅವನ್ನೂ ಬರೆಯುತ್ತೇನೆ.

ನಾನು ಪಿಯು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು. ಹಾಗಾಗಿ ಈ ಪುಸ್ತಕ ನನ್ನನ್ನು ಹಿಡಿದದ್ದು ಗಿಡಮೂಲಿಕೆಯ ಕಡೆಯಿಂದ. ಸಾಹಿತ್ಯದವರು ಇದನ್ನು ಬೇರೆ ಬಾಗಿಲಿನಿಂದ ಒಳಹೋಗಿ ನೋಡಬಹುದು. ಕಥೆಯ ಕೊನೆ ಗೊತ್ತಾಗುವುದು ಬೇಡ ಅನ್ನುವವರು ಪುಸ್ತಕ ಮುಗಿಸಿ ಆಮೇಲೆ ಇದನ್ನು ಓದಿ.

ಮೊದಲು ಹಳೆಯ ಕಥೆ. ಗ್ರೀಕ್ ಕವಿ ಹೋಮರನ ‘ಒಡಿಸ್ಸಿ’ ಮಹಾಕಾವ್ಯದ ಹತ್ತನೇ ಪುಸ್ತಕದಲ್ಲಿ, ಅಂದರೆ ಹತ್ತನೇ ಭಾಗದಲ್ಲಿ, ಸರ್ಸಿ ಬರುತ್ತಾಳೆ. ಸೂರ್ಯದೇವ ಹೀಲಿಯಸ್‌ನ ಮಗಳು, ಅಯಾಯಾ ಎಂಬ ದ್ವೀಪದಲ್ಲಿ ಇರುತ್ತಾಳೆ. ಮನೆಯ ಸುತ್ತ ಸಾಕಿದ ನಾಯಿಗಳ ಹಾಗೆ ಬಾಲ ಅಲ್ಲಾಡಿಸುವ ತೋಳಗಳು, ಸಿಂಹಗಳು. ಒಳಗೆ ಮಗ್ಗದ ಮುಂದೆ ಹಾಡುತ್ತಾ ನೇಯುತ್ತಾಳೆ. ಟ್ರಾಯ್ ಯುದ್ಧ ಮುಗಿಸಿ ಊರಿಗೆ ಹೊರಟ ಒಡಿಸ್ಯೂಸ್‌ನ ನಾವಿಕರು ಬಾಗಿಲಿಗೆ ಬರುತ್ತಾರೆ. ಅವಳು ಕರೆದು ಕೂರಿಸಿ, ಚೀಸ್, ಬಾರ್ಲಿ ಹಿಟ್ಟು, ಜೇನು ಎಲ್ಲ ವೈನಿನಲ್ಲಿ ಕಲಸಿ ಕೊಡುತ್ತಾಳೆ. ಅದರಲ್ಲಿ ಮದ್ದು ಹಾಕಿರುತ್ತಾಳೆ. ಕುಡಿದವರು ತಮ್ಮ ಊರನ್ನೇ ಮರೆಯುತ್ತಾರೆ. ಆಮೇಲೆ ಕೋಲು ಮುಟ್ಟಿಸಿದ ಕೂಡಲೇ ಹಂದಿಗಳು. ತಲೆ, ದನಿ, ಕೂದಲು, ಮೈ ಎಲ್ಲ ಹಂದಿಯದು, ಬುದ್ಧಿ ಮಾತ್ರ ಮೊದಲಿನ ಹಾಗೇ ಇತ್ತು ಅನ್ನುತ್ತಾನೆ ಹೋಮರ್. ಅಳುತ್ತಾ ನಿಂತ ಅವರ ಮುಂದೆ ಅವಳು ಓಕ್ ಕಾಯಿಗಳನ್ನು ಎಸೆಯುತ್ತಾಳೆ. ಒಡಿಸ್ಯೂಸ್ ಹುಡುಕಿಕೊಂಡು ಬರುವಾಗ ದಾರಿಯಲ್ಲಿ ಹರ್ಮಿಸ್ ದೇವತೆ ಅವನಿಗೆ ಮೋಲಿ ಎಂಬ ಗಿಡ ಕಿತ್ತು ಕೊಡುತ್ತಾನೆ. ಅದು ಕೈಯಲ್ಲಿದ್ದವನಿಗೆ ಅವಳ ಮದ್ದು ಹತ್ತುವುದಿಲ್ಲ. ಅವನು ಕತ್ತಿ ಎತ್ತುತ್ತಾನೆ, ಅವಳು ಕಿರುಚಿ ಕಾಲಿಗೆ ಬೀಳುತ್ತಾಳೆ. ಹಂದಿಗಳು ಮತ್ತೆ ಮನುಷ್ಯರಾಗುತ್ತಾರೆ. ಒಂದು ವರ್ಷ ಅಲ್ಲೇ ತಿಂದುಂಡು ಇದ್ದು ಹೊರಡುತ್ತಾರೆ.

ಇಷ್ಟರಲ್ಲಿ ಅವಳು ಯಾಕೆ ಹೀಗೆ ಮಾಡಿದಳು ಅನ್ನುವುದು ಎಲ್ಲೂ ಇಲ್ಲ. ಅಲ್ಲಿಗೆ ಹೇಗೆ ಬಂದಳು, ಅವನು ಹೋದ ಮೇಲೆ ಏನಾದಳು ಅನ್ನುವುದೂ ಇಲ್ಲ. ಮಿಲ್ಲರ್ ಕೂತು ಬರೆದದ್ದು ಈ ಖಾಲಿ ಜಾಗದಲ್ಲಿ. ಇದ್ದ ಕಥೆಯನ್ನು ಅಳಿಸುವ ಗೋಜಿಗೆ ಅವರು ಹೋಗುವುದಿಲ್ಲ. ಪುಸ್ತಕ ಪೂರ್ತಿ ಸರ್ಸಿಯೇ ಮಾತಾಡುತ್ತಾಳೆ, ಹುಟ್ಟಿದಲ್ಲಿಂದ ಹಿಡಿದು.

ಹೀಲಿಯಸ್‌ನ ಅರಮನೆಯಲ್ಲಿ ಅವಳು ಯಾರಿಗೂ ಬೇಡದ ಮಗಳು. ದನಿ ಕೀರಲು, ಕಣ್ಣು ಹಳದಿ ಅಂತ ತಮ್ಮ, ತಂಗಿ ಆಡಿಕೊಳ್ಳುತ್ತಾರೆ. ಹೋಮರ್ ಅವಳನ್ನು ಮನುಷ್ಯರ ದನಿಯ ಭಯಂಕರ ದೇವಿ ಎಂದು ಕರೆದಿದ್ದಾನೆ. ಮಿಲ್ಲರ್ ಆ ದನಿಯನ್ನು ಹಿಡಿದುಕೊಂಡು ಒಂದು ಬಾಲ್ಯವನ್ನೇ ಕಟ್ಟಿದ್ದಾರೆ. ದೇವತೆಗಳ ನಡುವೆ ಮನುಷ್ಯರ ದನಿ ಇದ್ದರೆ ಏನಾಗುತ್ತದೆ? ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಾರೆ. ಅದೇ ದನಿ ಮುಂದೆ ನಾವಿಕರಿಗೆ ಇವಳೂ ನಮ್ಮ ಹಾಗೇ ಒಬ್ಬ ಹೆಂಗಸು ಅನ್ನಿಸುವಂತೆ ಮಾಡುತ್ತದೆ. ಅದರ ಫಲ ಏನು ಅನ್ನುವುದು ಆಮೇಲೆ ಬರುತ್ತದೆ. ಮಿಲ್ಲರ್ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಗ್ರೀಕ್, ಲ್ಯಾಟಿನ್ ಓದಿದವರು, ಹೈಸ್ಕೂಲ್ ಮಕ್ಕಳಿಗೆ ಅದನ್ನೇ ಪಾಠ ಮಾಡಿದವರು. ಮೂಲವನ್ನು ಸಾಲು ಸಾಲಾಗಿ ಬಲ್ಲವರು ಬರೆದ ಪುಸ್ತಕ ಇದು ಅನ್ನುವುದು ಇಂಥ ಕಡೆ ಗೊತ್ತಾಗುತ್ತದೆ.

ಈಗ ನನ್ನ ಗಿಡಗಳಿಗೆ ಬರುತ್ತೇನೆ.

ಮದ್ದಿನ ವಿದ್ಯೆಯ ಕಾರಣಕ್ಕೆ ಗಡೀಪಾರಾಗಿ ದ್ವೀಪಕ್ಕೆ ಬಂದ ಸರ್ಸಿಗೆ ಅಲ್ಲಿ ಮನೆ ಇದೆ, ಅಡುಗೆಯ ಚಿಂತೆಯಿಲ್ಲ, ಸಾವೂ ಇಲ್ಲ. ಮಾಡಲು ಏನೂ ಇಲ್ಲ. ಕಾಡಿಗೆ ಹೋಗಲು ಮೊದಲು ಹೆದರುತ್ತಾಳೆ. ಆಮೇಲೆ ಹೋಗುತ್ತಾಳೆ. ಅಲ್ಲಿಂದ ಶುರುವಾಗುವ ಪುಟಗಳು ಈ ಪುಸ್ತಕದ ಜೀವ. ದೇವತೆಗಳ ಶಕ್ತಿ ಅಂದರೆ ಮನಸ್ಸಿನಲ್ಲಿ ಅಂದುಕೊಂಡರೆ ಆಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಬಿಡುತ್ತದೆ. ಸರ್ಸಿಯ ಶಕ್ತಿ ಹಾಗಲ್ಲ. ಗಿಡ ಎಲ್ಲಿದೆಯೋ ಅಲ್ಲಿಗೇ ಹೋಗಿ ಹುಡುಕಬೇಕು. ಅದರ ಕಾಲದಲ್ಲೇ ಕೀಳಬೇಕು. ಬೇರು ತೊಳೆಯಬೇಕು, ಒಣಗಿಸಬೇಕು, ಹೆಚ್ಚಬೇಕು, ಅರೆಯಬೇಕು, ಕುದಿಸಬೇಕು. ಮಾತು ಆಡುವುದು ಅದೆಲ್ಲ ಆದ ಮೇಲೆ. ಹದ ತಪ್ಪಿದರೆ ಚೆಲ್ಲಿ ಮೊದಲಿನಿಂದ ಶುರು. ಉಗುರಿನ ಸಂದಿಯಲ್ಲಿ ಮಣ್ಣು. ದೇವತೆಗಳು ಸಾಮಾನ್ಯವಾಗಿ ಇದರ ಗೋಜಿಗೆ ಯಾಕೆ ಹೋಗುವುದಿಲ್ಲ ಅನ್ನುವುದಕ್ಕೆ ಕಾರಣ ಅವಳಿಗೇ ಹೊಳೆಯುತ್ತದೆ. ಅವರಿಗೆ ಕೆಲಸ ಮಾಡುವುದೇ ಗೊತ್ತಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ಮಲೆನಾಡಿನ ನಾಟಿ ಔಷಧಿ ಕೊಡುವ ಅಜ್ಜಿಯರು ಕಣ್ಣಮುಂದೆ ಬಂದರು. ಅವರೂ ಹೀಗೇ. ಈ ಸೊಪ್ಪು ಮಳೆಗಾಲ ಮುಗಿದ ಮೇಲೆ ಬೇಡ, ಈ ಬೇರು ಹೂ ಬಿಡುವ ಮುಂಚೆಯೇ ಕೀಳಬೇಕು, ಈ ಚಕ್ಕೆ ಬೆಳಿಗ್ಗೆಯೇ ತೆಗೆಯಬೇಕು. ಯಾವ ಗಿಡ ಅಂತ ಕೇಳಿದರೆ ಹೇಳುವುದಿಲ್ಲ, ಕಷಾಯ ಕೊಟ್ಟು ಪಥ್ಯ ಹೇಳಿ ಕಳಿಸುತ್ತಾರೆ. ಲ್ಯಾಬಿನಲ್ಲಿ ನಾವು ಎಲೆ ಒಣಗಿಸಿ, ಪುಡಿ ಮಾಡಿ, ಸಾರ ತೆಗೆಯುವಾಗಲೂ ಅದೇ ಎಚ್ಚರ ಬೇಕು. ಒಂದೇ ಗಿಡದ ಎಲೆಯಲ್ಲಿ ಹೂ ಬಿಡುವ ಮೊದಲು ಇರುವ ರಾಸಾಯನಿಕದ ಪ್ರಮಾಣ ಆಮೇಲೆ ಇರುವುದಿಲ್ಲ. ಕಾದಂಬರಿ ಬರೆಯುವವರು ಸಾಮಾನ್ಯವಾಗಿ ಇಂಥದ್ದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಮಿಲ್ಲರ್ ನಿಂತು ಬರೆದಿದ್ದಾರೆ. ನಾನು ಈ ಪುಟಗಳನ್ನು ತರಗತಿಯಲ್ಲಿ ಓದಿ ಹೇಳಿದ್ದೂ ಉಂಟು.

ಮೋಲಿ ಯಾವ ಗಿಡ ಅನ್ನುವ ಪ್ರಶ್ನೆ ಗಿಡ ಓದುವವರನ್ನು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಕಾಡಿದೆ. ಹೋಮರ್ ಹೇಳುವುದು ಇಷ್ಟೇ: ಬೇರು ಕಪ್ಪು, ಹೂ ಹಾಲಿನ ಬಿಳುಪು, ಮನುಷ್ಯರಿಗೆ ಕೀಳುವುದು ಕಷ್ಟ. ಅರಿಸ್ಟಾಟಲ್‌ನ ಶಿಷ್ಯ ಥಿಯೋಫ್ರಾಸ್ಟಸ್ ತನ್ನ ಗಿಡಗಳ ಗ್ರಂಥದಲ್ಲಿ ಇದನ್ನು ಗ್ರೀಸಿನ ಅರ್ಕೇಡಿಯಾ ಪ್ರಾಂತ್ಯದ ಬೆಟ್ಟದಲ್ಲಿ ಬೆಳೆಯುವ, ಈರುಳ್ಳಿಯಂಥ ಗೆಡ್ಡೆಯ ಗಿಡ ಎಂದು ಬರೆದ. ಹೋಮರ್ ಹೇಳಿದಷ್ಟು ಕೀಳುವುದು ಕಷ್ಟವೇನಲ್ಲ ಅಂತಲೂ ಸೇರಿಸಿದ. ಗಿಡಗಳಿಗೆ ಎರಡು ಪದದ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಈರುಳ್ಳಿ ಕುಲದ ಒಂದು ಗಿಡಕ್ಕೆ ಆಲಿಯಂ ಮೋಲಿ ಎಂದೇ ಹೆಸರಿಟ್ಟ, ಆದರೆ ಅದರ ಹೂ ಹಳದಿ! 1983ರಲ್ಲಿ ಪ್ಲೈಟಾಕಿಸ್ ಮತ್ತು ಡುವೋಯ್ಸಿನ್ ಎಂಬ ಇಬ್ಬರು ವೈದ್ಯರು ಮೋಲಿ ಅಂದರೆ ಸ್ನೋಡ್ರಾಪ್ ಎಂಬ ಬಿಳಿ ಹೂವಿನ ಗಿಡ ಇರಬೇಕು ಎಂದು ವಾದಿಸಿದರು. ಅವರ ಪ್ರಕಾರ ಸರ್ಸಿ ಕೊಟ್ಟದ್ದು ದತ್ತೂರದ ಮದ್ದು. ನಮ್ಮ ರಸ್ತೆ ಬದಿಯಲ್ಲಿ, ತಿಪ್ಪೆಯ ಪಕ್ಕದಲ್ಲಿ ಬೆಳೆಯುವ ಉಮ್ಮತ್ತಿಯ ಜಾತಿಯದೇ. ಅದನ್ನು ತಿಂದವರಿಗೆ ಬುದ್ಧಿ ಭ್ರಮಣೆ ಆಗುತ್ತದೆ, ಇಲ್ಲದ್ದು ಕಾಣುತ್ತದೆ, ಇದ್ದದ್ದು ಮರೆತುಹೋಗುತ್ತದೆ. ಸ್ನೋಡ್ರಾಪ್ ಗೆಡ್ಡೆಯಲ್ಲಿರುವ ಗ್ಯಾಲಂಟಮೀನ್ ಎಂಬ ರಾಸಾಯನಿಕ ಆ ವಿಷಕ್ಕೆ ಎದುರಾಗಿ ಕೆಲಸ ಮಾಡುತ್ತದೆ. ಇವತ್ತು ಅಲ್ಜೈಮರ್ ಕಾಯಿಲೆಗೆ ಡಾಕ್ಟರು ಬರೆದುಕೊಡುವ ಮಾತ್ರೆಗಳಲ್ಲಿ ಅದೂ ಒಂದು. ವಾದ ಚೆನ್ನಾಗಿದೆ, ಆದರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅವರು ಹೆಸರಿಸಿದ ದತ್ತೂರದ ಜಾತಿ ಅಮೆರಿಕ ಖಂಡದ್ದು ಎಂಬುದು ಹೆಚ್ಚಿನ ಸಸ್ಯತಜ್ಞರ ಅಭಿಪ್ರಾಯ. ಹೋಮರನ ಕಾಲಕ್ಕೆ ಅದು ಮೆಡಿಟರೇನಿಯನ್ ತೀರದಲ್ಲಿ ಹೇಗೆ ಸಿಗಬೇಕು? ಅದೇ ಗುಣದ ಬೇರೆ ಗಿಡಗಳು ಅಲ್ಲಿದ್ದವು, ಹೆನ್‌ಬೇನ್, ಮ್ಯಾಂಡ್ರೇಕ್ ಇತ್ಯಾದಿ. ಅವುಗಳಲ್ಲೊಂದು ಇದ್ದಿರಬಹುದು.

ಮಿಲ್ಲರ್ ಈ ಚರ್ಚೆಗೆ ಕೈ ಹಾಕುವುದಿಲ್ಲ. ಅವರ ಕಾದಂಬರಿಯಲ್ಲಿ ಅತಿ ಬಲವಾದ ಹೂಗಳು ಬೆಳೆಯುವುದು ದೇವತೆಗಳ ರಕ್ತ ಬಿದ್ದ ನೆಲದಲ್ಲಿ. ಕಥೆಗೆ ಅಷ್ಟು ಸಾಕು, ಒಪ್ಪುತ್ತೇನೆ.

ಇನ್ನು ಕಥೆ ಹೆಣೆದಿರುವ ರೀತಿ. ಇಲ್ಲಿ ಒಂದು ಗಂಟನ್ನು ಹತ್ತಿರದಿಂದ ತೋರಿಸುತ್ತೇನೆ. ಹೋಮರನಲ್ಲಿ ಸಿಲ್ಲಾ ಎಂಬ ರಾಕ್ಷಸಿ ಬರುತ್ತಾಳೆ. ಹನ್ನೆರಡು ಕಾಲು, ಆರು ಕುತ್ತಿಗೆ, ಪ್ರತಿ ಬಾಯಲ್ಲೂ ಮೂರು ಸಾಲು ಹಲ್ಲು. ಹಡಗು ಹಾದುಹೋಗುವಾಗ ಆರು ಜನರನ್ನು ಎತ್ತಿಕೊಳ್ಳುತ್ತಾಳೆ. ಆ ದಾರಿಯಲ್ಲಿ ಹೋಗುವ ಒಡಿಸ್ಯೂಸ್‌ಗೆ ಸರ್ಸಿ ಹೇಳುವ ಬುದ್ಧಿಮಾತು: ಅವಳ ಜೊತೆ ಹೋರಾಡಬೇಡ, ಎಲ್ಲರೂ ಸಾಯುವುದಕ್ಕಿಂತ ಆರು ಜನ ಹೋದರೆ ಹೋಗಲಿ. ಅಲ್ಲಿ ಸಿಲ್ಲಾಗೂ ಸರ್ಸಿಗೂ ಬೇರೆ ಸಂಬಂಧವಿಲ್ಲ. ಎಷ್ಟೋ ಶತಮಾನ ಆದ ಮೇಲೆ ರೋಮಿನ ಕವಿ ಓವಿಡ್ ಬೇರೆ ಕಥೆ ಹೇಳಿದ. ಗ್ಲಾಕಸ್ ಎಂಬ ಬೆಸ್ತ ಯಾವುದೋ ಹುಲ್ಲು ತಿಂದು ಸಮುದ್ರ ದೇವತೆಯಾಗುತ್ತಾನೆ, ಸುಂದರಿ ಸಿಲ್ಲಾಳ ಹಿಂದೆ ಬೀಳುತ್ತಾನೆ, ಅವನನ್ನು ಬಯಸಿದ ಸರ್ಸಿ ಹೊಟ್ಟೆಕಿಚ್ಚಿಗೆ ಅವಳು ಸ್ನಾನ ಮಾಡುವ ಮಡುವಿಗೆ ವಿಷ ಬೆರೆಸಿ ಅವಳನ್ನು ರಾಕ್ಷಸಿ ಮಾಡುತ್ತಾಳೆ. ಮಿಲ್ಲರ್ ಈ ಎರಡನ್ನೂ ತಂದು ಒಂದಕ್ಕೊಂದು ಗಂಟು ಹಾಕಿದ್ದಾರೆ. ಗ್ಲಾಕಸ್‌ನನ್ನು ದೇವತೆ ಮಾಡಿದವಳೂ ಸರ್ಸಿಯೇ, ಪ್ರೀತಿಯಿಂದ. ಸಿಲ್ಲಾಳನ್ನು ಕೆಡಿಸಿದವಳೂ ಅವಳೇ. ಹಾಗಾದರೆ ಆ ದಾರಿಯಲ್ಲಿ ಹೋದ ಪ್ರತಿ ಹಡಗಿನ ಆರಾರು ಜೀವಗಳ ಲೆಕ್ಕ ಅವಳ ತಲೆಯ ಮೇಲೆ. ಆರು ಜನ ಹೋದರೆ ಹೋಗಲಿ ಎಂಬ ಹಳೆಯ ಮಾತು ಈಗ ಅವಳ ಬಾಯಲ್ಲಿ ಎಷ್ಟು ಭಾರ ಆಗುತ್ತದೆ ನೋಡಿ. ಹೊಸ ಪಾತ್ರ, ಹೊಸ ಘಟನೆ ಏನನ್ನೂ ಸೇರಿಸದೆ, ಎರಡು ಹಳೆಯ ಪಠ್ಯಗಳನ್ನು ಪಕ್ಕಪಕ್ಕ ಇಟ್ಟು ಒಬ್ಬಳಿಗೆ ಮನಸ್ಸಾಕ್ಷಿ ಕೊಟ್ಟಿದ್ದಾರೆ. ಪುರಾಣವನ್ನು ಮತ್ತೆ ಹೇಳುವುದು ಅಂದರೆ ನನ್ನ ಮಟ್ಟಿಗೆ ಇದೇ.

ಮಗ್ಗದ ವಿಷಯವೂ ಹಾಗೇ. ಹೋಮರನ ಸರ್ಸಿ ಮಗ್ಗದ ಮುಂದೆ ಹಾಡುತ್ತಿರುತ್ತಾಳೆ ಅಂತ ಹೇಳಿದೆನಲ್ಲ. ಆ ಮಗ್ಗ ಎಲ್ಲಿಂದ ಬಂತು? ಇಲ್ಲಿ ಅದನ್ನು ಮಾಡಿಕೊಟ್ಟವನು ಡೆಡಲಸ್, ಕ್ರೀಟ್ ದ್ವೀಪದ ಮಹಾ ಕುಶಲಕರ್ಮಿ, ಮೇಣದ ರೆಕ್ಕೆಯ ಇಕಾರಸ್‌ನ ಅಪ್ಪ. ಸರ್ಸಿಯ ಸೋದರಿ ಪಾಸಿಫೆ ಕ್ರೀಟಿನ ರಾಣಿ. ಅವಳ ಹೆರಿಗೆಗೆ ಅಂತ ಸರ್ಸಿ ಅಲ್ಲಿಗೆ ಹೋದಾಗ ಇಬ್ಬರಿಗೂ ಪರಿಚಯ. ಕೈಯಿಂದ ಕೆಲಸ ಮಾಡಿ ಬಲ್ಲ ಇಬ್ಬರು ಒಬ್ಬರನ್ನೊಬ್ಬರು ಗುರುತಿಸುವ ಆ ಭಾಗ ಚಿಕ್ಕದು, ಬಹಳ ಚೆನ್ನಾಗಿದೆ. ಆ ಮಗ್ಗ ಕಥೆಯ ಕೊನೆಗೆ ಇನ್ನೊಬ್ಬ ದೊಡ್ಡ ನೇಯ್ಗೆಗಾರ್ತಿಯ ಕೈಗೂ ಸಿಗುತ್ತದೆ.

ಹಿಡಿಸದ್ದು ಏನು ಅಂದರೆ, ಮಧ್ಯಭಾಗದಲ್ಲಿ ಜನಜಂಗುಳಿ ಜಾಸ್ತಿ. ಮನುಷ್ಯರಿಗೆ ಬೆಂಕಿ ಕೊಟ್ಟು ಶಿಕ್ಷೆಗೊಳಗಾದ ಪ್ರೊಮಿಥಿಯಸ್, ಪಾಸಿಫೆಗೆ ಹುಟ್ಟಿದ ಗೂಳಿತಲೆಯ ಮಿನೋಟಾರ್, ಅವಳ ಗಂಡ ಮಿನೋಸ್, ಸರ್ಸಿಯ ತಮ್ಮನ ಮಗಳು ಮೀಡಿಯಾ, ಅವಳ ಗಂಡ ಜೇಸನ್ ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಬಂದು ಹೋಗುತ್ತಾರೆ. ಪ್ರೊಮಿಥಿಯಸ್‌ನ ದೃಶ್ಯ ಬೇಕೇ ಬೇಕು. ಎಲ್ಲರೂ ಅವನ ಶಿಕ್ಷೆಯನ್ನು ನೋಡಿ ಎದ್ದು ಹೋದ ಮೇಲೆ ಚಿಕ್ಕ ಸರ್ಸಿ ಅವನಿಗೆ ಕುಡಿಯಲು ತಂದುಕೊಡುತ್ತಾಳೆ, ಮುಂದಿನದ್ದೆಲ್ಲ ಅಲ್ಲಿಂದ ಹುಟ್ಟುತ್ತದೆ. ಆದರೆ ಮೀಡಿಯಾ ಬಂದು ಹೋಗುವ ಅಧ್ಯಾಯ ಅವಸರದ್ದು. ಅವಳ ಕಥೆ ಗೊತ್ತಿದ್ದವರಿಗೆ ಸಾಲದು, ಗೊತ್ತಿಲ್ಲದವರಿಗೆ ಯಾಕೆ ಬಂದಳು ಅಂತಲೇ ತಿಳಿಯುವುದಿಲ್ಲ. ಇನ್ನೊಂದು, ಒಲಿಂಪಸ್ ಬೆಟ್ಟದ ದೇವತೆಗಳು, ಅವರಿಗಿಂತ ಹಳೆಯ ಪೀಳಿಗೆಯ ಟೈಟನ್ನರು ಎಲ್ಲರೂ ಹೆಚ್ಚುಕಮ್ಮಿ ಒಂದೇ ಅಚ್ಚಿನ ಕ್ರೂರಿಗಳು. ಯುದ್ಧದ, ಜಾಣ್ಮೆಯ ದೇವಿ ಅಥೀನಾ ಒಬ್ಬಳು ಬೇರೆಯಾಗಿ ನಿಲ್ಲುತ್ತಾಳೆ. ಮತ್ತೆ ಅಧ್ಯಾಯದ ಕೊನೆಯಲ್ಲಿ ಒಂದು ನೀತಿವಾಕ್ಯದಂಥ ಸಾಲು ಬರೆದು ನಿಲ್ಲಿಸುವ ಅಭ್ಯಾಸ ಮಿಲ್ಲರ್ ಅವರಿಗಿದೆ. ದೃಶ್ಯವೇ ಎಲ್ಲ ಹೇಳಿ ಮುಗಿಸಿರುವಾಗ ಆ ಸಾಲು ಬೇಕಿರಲಿಲ್ಲ.

ಹಂದಿಗಳ ವಿಷಯದಲ್ಲಿ ನನ್ನ ತಕರಾರು ಇದಕ್ಕಿಂತ ದೊಡ್ಡದು. ಕಾದಂಬರಿಯಲ್ಲಿ ದಾರಿ ತಪ್ಪಿದ ಹಡಗಿನವರು ಮೊದಲ ಸಲ ಬಂದಾಗ ಸರ್ಸಿಗೆ ಸಂತೋಷವೇ ಆಗುತ್ತದೆ. ಊಟ ಬಡಿಸುತ್ತಾಳೆ. ಅವರು ಕೇಳುತ್ತಾರೆ: ನಿನ್ನ ಗಂಡ ಎಲ್ಲಿ? ಅಪ್ಪ? ಅಣ್ಣ? ಯಾರೂ ಇಲ್ಲ ಅಂದ ಕೂಡಲೇ ಕೋಣೆಯ ಗಾಳಿಯೇ ಬದಲಾಗುತ್ತದೆ. ಹಡಗಿನ ನಾಯಕ ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಆಮೇಲೆ ಅವರು ಹಂದಿಗಳಾಗುತ್ತಾರೆ. ಆ ಮೂರು ಪ್ರಶ್ನೆಗಳನ್ನು ಓದುವಾಗ ಒಬ್ಬಳೇ ಪ್ರಯಾಣ ಮಾಡಿದ, ಒಬ್ಬಳೇ ಬಾಡಿಗೆ ಮನೆ ಹುಡುಕಿದ ಯಾವ ಹೆಂಗಸಿಗೂ ಮೈ ಬಿಗಿಯಾಗುತ್ತದೆ. ಅಷ್ಟು ನಿಜವಾಗಿ ಬರೆದಿದ್ದಾರೆ. ಹಾಗಿದ್ದೂ ನನಗೆ ಒಂದು ಕೊರಗು ಉಳಿದಿದೆ. ಹೋಮರನಲ್ಲಿ ಅವಳಿಗೆ ಕಾರಣವೇ ಇಲ್ಲ, ಅದಕ್ಕೇ ಅವಳು ಅಷ್ಟು ಭಯಂಕರ. ಒಬ್ಬ ಹೆಂಗಸಿಗೆ ಶಕ್ತಿ ಬರಬೇಕಾದರೆ, ಕೋಪ ಬರಬೇಕಾದರೆ, ಮೊದಲು ಅವಳಿಗೆ ಇಂಥದ್ದೊಂದು ಆಗಲೇಬೇಕಾ? ಈ ಸಾಲಿನ ಎಷ್ಟೋ ಹೊಸ ಕಾದಂಬರಿಗಳು ಇದೇ ಕಾರಣವನ್ನು ಹಿಡಿದು ಹೊರಡುತ್ತವೆ. ಮಿಲ್ಲರ್ ಆ ಹೊತ್ತಿಗಾಗಲೇ ಅವಳಿಗೆ ಕೆಲಸ ಕಲಿಸಿದ್ದಾರೆ, ಶಕ್ತಿ ಕೊಟ್ಟಿದ್ದಾರೆ, ಹಾಗಾಗಿ ಇಲ್ಲಿ ಅದು ಅಷ್ಟು ಅಗ್ಗವಾಗುವುದಿಲ್ಲ. ಆದರೂ ಆ ದೃಶ್ಯ ಇಲ್ಲದೆಯೂ ಈ ಸರ್ಸಿ ನಿಲ್ಲುತ್ತಿದ್ದಳು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಒಡಿಸ್ಯೂಸ್ ಬಂದಾಗ ಪುಸ್ತಕ ಮತ್ತೆ ಚೇತರಿಸಿಕೊಳ್ಳುತ್ತದೆ. ಇಲ್ಲಿ ಕತ್ತಿ, ಕಾಲಿಗೆ ಬೀಳುವುದು ಯಾವುದೂ ಇಲ್ಲ. ಇಬ್ಬರು ಜಾಣರು ಎದುರುಬದುರು ಕೂತು ಒಬ್ಬರ ಮಾತನ್ನು ಇನ್ನೊಬ್ಬರು ತೂಗುತ್ತಾರೆ. ಅವನ ಬಟ್ಟಲಿನ ವೈನು ಹಾಗೇ ಇರುತ್ತದೆ. ಎಷ್ಟೋ ಕಾಲದ ಮೇಲೆ ಈ ಭೇಟಿಯ ಬಗ್ಗೆ ಕವಿಗಳು ಕಟ್ಟಿದ ಹಾಡು ಸರ್ಸಿಯ ಕಿವಿಗೆ ಬೀಳುತ್ತದೆ. ಹಾಡಿನಲ್ಲಿ ಅವಳು ವೀರನ ಕತ್ತಿಯ ಮುಂದೆ ಮಂಡಿಯೂರಿ ಬೇಡುತ್ತಿದ್ದಾಳೆ. ಅವಳಿಗೆ ಆಶ್ಚರ್ಯ ಆಗುವುದಿಲ್ಲ. ಹೋಮರನಿಗೆ ಮಿಲ್ಲರ್ ಎದುರು ಮಾತಾಡುವ ಜಾಗ ಇದು, ಅದನ್ನು ಕೆಲವೇ ಸಾಲಿನಲ್ಲಿ ಮುಗಿಸಿದ್ದಾರೆ.

ಅವನು ಹೋದ ಮೇಲೆ ಅವಳಿಗೆ ಮಗ ಹುಟ್ಟುತ್ತಾನೆ, ಟೆಲಿಗೊನಸ್. ಬಾಣಂತನ ಮಾಡಲು ಯಾರೂ ಇಲ್ಲ. ಮಗು ಹಗಲು ರಾತ್ರಿ ಅಳುತ್ತದೆ, ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ಅಷ್ಟು ಸಾಲದು ಅಂತ ಅಥೀನಾ ಆ ಮಗುವನ್ನು ಕೊಲ್ಲಲು ಕಾದಿದ್ದಾಳೆ. ಸರ್ಸಿ ದ್ವೀಪದ ಸುತ್ತ ರಕ್ಷೆ ಕಟ್ಟುತ್ತಾಳೆ, ಅದನ್ನು ಮತ್ತೆ ಮತ್ತೆ ಹೊಸದು ಮಾಡುತ್ತಲೇ ಇರಬೇಕು, ಅದರ ಭಾರ ಹೊತ್ತುಕೊಂಡೇ ಮಗುವನ್ನು ಎತ್ತಿಕೊಳ್ಳಬೇಕು. ಪುರಾಣದಲ್ಲಿ ಮಗು ಹುಟ್ಟಿದ್ದು ಗೊತ್ತಾಗುತ್ತದೆ, ಮುಂದಿನ ಸಾಲಿಗೆ ಅವನು ಬಿಲ್ಲು ಹಿಡಿದ ಯುವಕ. ನಡುವಿನ ವರ್ಷಗಳನ್ನು ಯಾರು ಹೇಗೆ ದಾಟಿದರು ಅಂತ ಹೇಳುವವರಿಲ್ಲ. ನಾನು ಎರಡು ಮಕ್ಕಳನ್ನು ಬೆಳೆಸಿದವಳು. ತಾಯ್ತನದ ದಣಿವನ್ನು ಇಷ್ಟು ಅಲಂಕಾರ ಇಲ್ಲದೆ ಬರೆದ ಪುಟಗಳನ್ನು ನಾನು ಹೆಚ್ಚು ಓದಿಲ್ಲ.

ಕೊನೆಯ ಭಾಗಕ್ಕೆ ಮೂಲ ‘ಟೆಲಿಗೊನಿ’ ಎಂಬ ಕಾವ್ಯ. ಅದು ಕಳೆದುಹೋಗಿದೆ, ಈಗ ಉಳಿದಿರುವುದು ಪ್ರೊಕ್ಲಸ್ ಎಂಬವನ ಹೆಸರಿನಲ್ಲಿರುವ ಸಾರಾಂಶ ಮಾತ್ರ. ಅದರ ಪ್ರಕಾರ ಟೆಲಿಗೊನಸ್ ಅಪ್ಪ ಒಡಿಸ್ಯೂಸ್‌ನನ್ನು ಹುಡುಕಿಕೊಂಡು ಅವನ ಊರು ಇಥಾಕಾಕ್ಕೆ ಹೋಗಿ, ಯಾರೆಂದು ತಿಳಿಯದೆ ಅವನನ್ನೇ ಕೊಲ್ಲುತ್ತಾನೆ. ಈಟಿಯ ತುದಿಗೆ ತೊರಕೆ ಮೀನಿನ ಮುಳ್ಳು ಇತ್ತು ಎಂಬ ಮಾತು ಹಳೆಯ ಮೂಲಗಳಲ್ಲಿದೆ. ಆಮೇಲೆ ಶವದ ಜೊತೆ ಒಡಿಸ್ಯೂಸ್‌ನ ಹೆಂಡತಿ ಪೆನೆಲೊಪಿ ಮತ್ತು ಅವಳ ಮಗ ಟೆಲಿಮಾಕಸ್ ಇಬ್ಬರನ್ನೂ ತಾಯಿಯ ದ್ವೀಪಕ್ಕೆ ಕರೆತರುತ್ತಾನೆ. ಸರ್ಸಿ ಅವರನ್ನು ಅಮರರನ್ನಾಗಿ ಮಾಡುತ್ತಾಳೆ. ಟೆಲಿಗೊನಸ್ ಪೆನೆಲೊಪಿಯನ್ನೂ, ಟೆಲಿಮಾಕಸ್ ಸರ್ಸಿಯನ್ನೂ ಮದುವೆಯಾಗುತ್ತಾರೆ. ಕೇಳಿದರೆ ಇದೇನಪ್ಪಾ ಅನ್ನಿಸುವ ಕೊನೆ, ಅಲ್ವಾ? ಇದನ್ನು ಇಂದಿನವರು ನಂಬುವ ಹಾಗೆ ಹೇಳಬೇಕು ಅಂದರೆ ಯಾರಿಗಾದರೂ ಕಷ್ಟ.

ಮಿಲ್ಲರ್ ಏನು ಮಾಡಿದರು ಅಂದರೆ, ಮುಖ್ಯವಾಗಿ ಒಂದು ಕಡೆ ದಿಕ್ಕು ತಿರುಗಿಸಿದರು. ಮನುಷ್ಯರನ್ನು ಅಮರರು ಮಾಡುವ ಬದಲು ಸರ್ಸಿ ತಾನೇ ಸಾವಿರುವವಳಾಗಲು ನಿರ್ಧರಿಸುತ್ತಾಳೆ. ತಾನೇ ಮದ್ದು ಕಾಯಿಸಿ ಬಟ್ಟಲು ಎತ್ತುತ್ತಾಳೆ. ಅದಕ್ಕೆ ಮೊದಲು ಸಿಲ್ಲಾಳ ಲೆಕ್ಕವನ್ನೂ ಚುಕ್ತಾ ಮಾಡಿರುತ್ತಾಳೆ. ದ್ವೀಪಕ್ಕೆ ಬಂದ ಪೆನೆಲೊಪಿ ಇಲ್ಲಿ ಯಾರ ಹೆಂಡತಿಯೂ ಆಗುವುದಿಲ್ಲ. ಡೆಡಲಸ್‌ನ ಮಗ್ಗ ಸಿಗುವುದು ಅವಳಿಗೇ. ಗಿಡಗಳ ಕೆಲಸ ಕಲಿತು ಆ ಮನೆಯಲ್ಲಿ ಉಳಿಯುವವಳೂ ಅವಳೇ. ಒಬ್ಬ ಗಂಡಸಿನಿಂದ ನೊಂದ ಇಬ್ಬರು ಹೆಂಗಸರು ಮೊದಲು ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಾ, ನಿಧಾನಕ್ಕೆ ಗೌರವಿಸಲು ಕಲಿಯುವ ಈ ನೂರಕ್ಕೆ ಹತ್ತಿರದ ಪುಟಗಳಲ್ಲಿ ಎಲ್ಲೂ ಎಡವಿಲ್ಲ. ಟೆಲಿಮಾಕಸ್ ಕೂಡ ಒಂದು ಹೊರೆ ಹೊತ್ತು ಬಂದಿದ್ದಾನೆ. ‘ಒಡಿಸ್ಸಿ’ಯ 22ನೇ ಪುಸ್ತಕದಲ್ಲಿ ಅವನು ಮನೆಯ ಹನ್ನೆರಡು ಊಳಿಗದ ಹೆಂಗಸರನ್ನು ಹಗ್ಗಕ್ಕೆ ಹಾಕುತ್ತಾನೆ. ಅಪ್ಪ ಕತ್ತಿಯಿಂದ ಕೊಲ್ಲು ಅಂದಿದ್ದ, ನೇಣು ಮಗನ ತೀರ್ಮಾನ. ಬಲೆಗೆ ಸಿಕ್ಕ ಹಕ್ಕಿಗಳ ಹಾಗೆ ಸ್ವಲ್ಪ ಹೊತ್ತು ಕಾಲು ಒದ್ದರು, ಹೆಚ್ಚು ಹೊತ್ತಲ್ಲ, ಅಂತ ಹೇಳಿ ಹೋಮರ್ ಮುಂದಕ್ಕೆ ಹೋಗುತ್ತಾನೆ. ಇಲ್ಲಿ ಟೆಲಿಮಾಕಸ್ ಅದನ್ನು ಮರೆಯಲಾರ, ಸರ್ಸಿಯ ಮುಂದೆ ಬಾಯಿಬಿಟ್ಟು ಹೇಳುತ್ತಾನೆ. ಸಿಲ್ಲಾಳ ಲೆಕ್ಕ ಹೊತ್ತವಳಿಗೆ ಅವನ ಮಾತು ಅರ್ಥವಾಗುತ್ತದೆ. ಅವರಿಬ್ಬರೂ ಹತ್ತಿರ ಬರುವುದು ಹೀಗೆ. ಮೂಲದ ಆ ವಿಚಿತ್ರ ಮದುವೆಗೆ ಇದಕ್ಕಿಂತ ಒಳ್ಳೆಯ ಕಾರಣ ಯಾರು ಕೊಡಬಲ್ಲರು!

ಕನ್ನಡದವರಿಗೆ ಗ್ರೀಕ್ ಕಥೆ ಹೊಸದೇನಲ್ಲ. ಬಿ.ಎಂ.ಶ್ರೀ ಅವರು ಸೊಫೊಕ್ಲಿಸ್‌ನ ಅಜಾಕ್ಸ್ ನಾಟಕವನ್ನು ತಂದು ‘ಅಶ್ವತ್ಥಾಮನ್’ ಮಾಡಿದರು. ಲಂಕೇಶರು ಈಡಿಪಸ್, ಅಂತಿಗೊನೆ ನಾಟಕಗಳನ್ನು ಕನ್ನಡಕ್ಕೆ ತಂದರು. ಶ್ರೀಯವರು ಹಿಡಿದದ್ದು ಬೇರೆ ದಾರಿ. ಗ್ರೀಕ್ ವೀರನ ಅವಮಾನ, ಕೋಪ, ಸಾವನ್ನು ಎತ್ತಿ ಕುರುಕ್ಷೇತ್ರದಲ್ಲಿಟ್ಟರು. ಮಿಲ್ಲರ್ ಊರು, ಜನ, ದೇವರು ಯಾವುದನ್ನೂ ಕದಲಿಸದೆ ಕಥೆ ಹೇಳುವ ಬಾಯಿಯನ್ನು ಮಾತ್ರ ಬದಲಿಸಿದ್ದಾರೆ. ಎರಡನ್ನೂ ಓದಿದವರಿಗೆ ಪುರಾಣವನ್ನು ಎಷ್ಟು ಕಡೆಯಿಂದ ಹಿಡಿಯಬಹುದು ಅನ್ನುವುದು ಗೊತ್ತಾಗುತ್ತದೆ. ‘ಸರ್ಸಿ’ ಒಳ್ಳೆಯ ಕನ್ನಡದಲ್ಲಿ ಬಂದರೆ ನಾನು ಮೊದಲ ದಿನವೇ ಕೊಳ್ಳುತ್ತೇನೆ.

ಇಂಗ್ಲಿಷ್ ಕಷ್ಟವಾ ಅಂತ ಕೇಳುವವರಿಗೆ: ಇಲ್ಲ. ವಾಕ್ಯಗಳು ಚಿಕ್ಕವು, ಪದಗಳು ಸರಳ. ಪತ್ರಿಕೆ ಓದುವಷ್ಟು ಇಂಗ್ಲಿಷ್ ಇದ್ದರೆ ಸಾಕು. ಹೆಸರುಗಳು ಜಾಸ್ತಿ ಇರುವುದರಿಂದ ಮೊದಲ ಐವತ್ತು ಪುಟ ಸ್ವಲ್ಪ ತಡವರಿಸಬಹುದು. ನನ್ನ ಬಳಿಯಿರುವ ಪ್ರತಿಯಲ್ಲಿ ಕೊನೆಗೆ ಪಾತ್ರಗಳ ಪಟ್ಟಿ ಇದೆ, ಯಾರು ಯಾರ ಮಗ, ಯಾರ ಮಗಳು ಎಂಬ ವಿವರದ ಜೊತೆ. ಅಲ್ಲಿಗೆ ಒಂದು ಚೀಟಿ ಇಟ್ಟುಕೊಳ್ಳಿ. ಆಡಿಯೋ ಪುಸ್ತಕವೂ ಇದೆ, ಪೆರ್ಡಿಟಾ ವೀಕ್ಸ್ ಓದಿದ್ದಾರೆ, ಸುಮಾರು ಹನ್ನೆರಡು ಗಂಟೆ. ಅಡುಗೆ ಮಾಡುತ್ತಾ ನಾನು ಕೆಲವು ಅಧ್ಯಾಯ ಕೇಳಿದೆ. ಅವಸರವಿಲ್ಲದ, ತಗ್ಗಿದ ದನಿ, ಈ ಕಥೆಗೆ ಚೆನ್ನಾಗಿ ಒಪ್ಪುತ್ತದೆ. ಹೆಸರುಗಳನ್ನು ಹೇಗೆ ಹೇಳುವುದು ಅನ್ನುವ ತೊಂದರೆಯೂ ತಪ್ಪುತ್ತದೆ.

ಚಿಕ್ಕ ಮಕ್ಕಳಿಗೆ ಕೊಡಬೇಡಿ. ಮೇಲೆ ಹೇಳಿದ ದೃಶ್ಯದ ಜೊತೆಗೆ ಮಿನೋಟಾರ್ ಹುಟ್ಟುವ ಅಧ್ಯಾಯವೂ ರಕ್ತಮಯ. ಪಿಯುಸಿ ದಾಟಿದವರು ಓದಬಹುದು, ಅಮ್ಮಂದಿರೂ ಜೊತೆಗೆ ಓದಿದರೆ ಮಾತಾಡಲು ಬೇಕಾದಷ್ಟು ಸಿಗುತ್ತದೆ. ಹೋಮರನನ್ನು ಓದದವರು ಮೊದಲು ‘ಒಡಿಸ್ಸಿ’ಯ ಹತ್ತರಿಂದ ಹನ್ನೆರಡನೇ ಪುಸ್ತಕದವರೆಗೆ ಓದಿಕೊಂಡು ಬನ್ನಿ, ಒಂದು ಮಧ್ಯಾಹ್ನದ ಕೆಲಸ. 2017ರಲ್ಲಿ ಬಂದ ಎಮಿಲಿ ವಿಲ್ಸನ್ ಅವರ ಅನುವಾದ ಸಲೀಸಾಗಿ ಓದಿಸಿಕೊಳ್ಳುತ್ತದೆ, ಮೂಲದಲ್ಲಿ ಎಷ್ಟು ಸಾಲಿದೆಯೋ ಅಷ್ಟೇ ಸಾಲಿನಲ್ಲಿದೆ. ಮಿಲ್ಲರ್ ಅವರ ಮೊದಲ ಕಾದಂಬರಿ, ಅಕಿಲೀಸ್‌ನ ಕಥೆ ಹೇಳುವ ‘ದ ಸಾಂಗ್ ಆಫ್ ಅಕಿಲೀಸ್’, 2012ರ ಆರೆಂಜ್ ಪ್ರಶಸ್ತಿ (ವಿಮೆನ್ಸ್ ಪ್ರೈಜ್‌ನ ಆಗಿನ ಹೆಸರು) ಪಡೆದದ್ದು. ಅದನ್ನು ಬರೆಯಲು ಅವರಿಗೆ ಹತ್ತು ವರ್ಷ ಹಿಡಿಯಿತು. ಪ್ರೇಮಕಥೆ ಇಷ್ಟಪಡುವವರು ಅದರಿಂದ ಶುರು ಮಾಡಬಹುದು. ಗಿಡ, ಅಡುಗೆ, ನೇಯ್ಗೆ, ಕೈಯಿಂದ ಮಾಡುವ ಯಾವುದೇ ಕೆಲಸದಲ್ಲಿ ಮನಸ್ಸಿರುವವರು ‘ಸರ್ಸಿ’ಯನ್ನೇ ಮೊದಲು ತಗೊಳ್ಳಿ.